ಹರಡದ ಹನಿ

ಕುರುಗೋಡಿನ ಅಯ್ಯನವರು ನನ್ನ ಮುಖ ನೋಡಿ ಮಾತಾಡುತ್ತಿರಲಿಲ್ಲ. ನನ್ನ ಪಾದ ನೋಡಿ ಮಾತಾಡುತ್ತಿದ್ದರು. ನನ್ನ ಪಾದಗಳಲ್ಲಿ ನೋಡುವಂಥದು ಏನೂ ಇಲ್ಲ. ಕಾಲುಂಗುರ ಸವೆದಿವೆ, ಹಿಮ್ಮಡಿ ಬೇಸಗೆಯ ಎರೆಹೊಲದ ಹಾಗೆ ಬಿರುಕು ಬಿಟ್ಟಿದೆ. ಆದರೂ ಅವರು "ಆರಾಮದೀಯೇನವ್ವಾ?" ಎಂದು ಕೇಳುವುದು ಆ ಕಾಲುಗಳನ್ನೇ. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ಸಿಟ್ಟು ಬಂತು. ಇಷ್ಟು ದೊಡ್ಡ ಮನುಷ್ಯ, ಒಂದು ಸಲ ತಲೆ ಎತ್ತಿ ನೋಡಿದರೆ ಇವರ ಗಂಟೇನು ಹೋಗುತ್ತದೆ ಎಂದು ಮನಸ್ಸಿನಲ್ಲೇ ಬೈದುಕೊಂಡದ್ದೂ ಉಂಟು.

ಮೊನ್ನೆ ಅವರು ಲಿಂಗೈಕ್ಯರಾದರು. ಸುದ್ದಿ ಸಿರುಗುಪ್ಪಕ್ಕೆ ಬಂದಾಗ ನಾನು ಅನ್ನಕ್ಕೆ ಎಸರಿಟ್ಟಿದ್ದೆ. ಒಲೆಯ ಮುಂದೆಯೇ ಕೂತು ಅತ್ತುಬಿಟ್ಟೆ. ಪಕ್ಕದ ಮನೆಯವಳು ಗೋಡೆಯ ಮೇಲಿಂದ ಇಣುಕಿ, "ಯಾಕ್ರೀ, ನಿಮಗ ಅವರು ಏನಾಗಬೇಕು?" ಎಂದು ಕೇಳಿದಳು. ಏನೆಂದು ಹೇಳಲಿ? ನಂಟರಲ್ಲ, ನಮ್ಮ ಮತದವರಲ್ಲ, ಗುರುಗಳೂ ಅಲ್ಲ. ಒಂದು ಕಾಲಕ್ಕೆ ನನ್ನನ್ನು ಸಾಯಿಸಿದ್ದವರು ಎಂದೆ. ಅವಳು ಇಳಿದು ಹೋದಳು.

ಅಯ್ಯನವರು ವೈದ್ಯರು. ಕುರುಗೋಡಿನ ಗುಡ್ಡದ ಬುಡದಲ್ಲಿ ಮನೆ. ಉದ್ದ ಆಳು, ಒಣಕಲು ಮೈ, ಹಣೆ ತುಂಬ ವಿಭೂತಿ, ಹೆಗಲಿಗೆ ಜೋಳಿಗೆ. ಬಾದನಹಟ್ಟಿಯಿಂದ ಹಿಡಿದು ಸಿರುಗುಪ್ಪದ ಹೊಳೆಯವರೆಗೆ ಅವರು ಕಾಲಿಡದ ಊರಿರಲಿಲ್ಲ. ನಾಡಿ ಹಿಡಿಯುವ ಮೊದಲು ಎರಡೂ ಅಂಗೈಗಳನ್ನು ಬಿಸಿಯಾಗುವವರೆಗೆ ತಿಕ್ಕಿಕೊಳ್ಳುತ್ತಿದ್ದರು. "ತಣ್ಣಗಿನ ಕೈ ಇಟ್ರ ನಾಡಿ ಬೆಚ್ಚಿ ಬೀಳತೈತಿ, ಖರೇ ಹೇಳಂಗಿಲ್ಲ" ಎನ್ನುತ್ತಿದ್ದರು. ಮಕ್ಕಳ ನಾಲಿಗೆ ನೋಡಬೇಕಾದರೆ ಮೊದಲು ತಮ್ಮ ನಾಲಿಗೆಯನ್ನು ಹೊರಗೆ ಹಾಕಿ ತೋರಿಸುತ್ತಿದ್ದರು. ಅಷ್ಟು ದೊಡ್ಡ ಮುದುಕರು ನಾಲಿಗೆ ಚಾಚಿದರೆ ಯಾವ ಮಗು ಸುಮ್ಮನಿರುತ್ತದೆ? ತಾನೂ ಚಾಚುತ್ತಿತ್ತು.

ಆದರೆ ಅವರ ಹೆಸರು ನಿಂತಿದ್ದದ್ದು ಎಣ್ಣೆಯ ಹನಿಯ ಮೇಲೆ. ಯಾವ ಮದ್ದಿಗೂ ಜಗ್ಗದ ರೋಗಿ ಇದ್ದರೆ, ಬೆಳಗಿನ ಮೊದಲ ಮೂತ್ರವನ್ನು ಅಗಲವಾದ ಪಾತ್ರೆಯಲ್ಲಿ ಹಿಡಿಸಿ, ಎಳೆಬಿಸಿಲಿನಲ್ಲಿ ಅಲ್ಲಾಡದಂತೆ ಇಡಿಸುತ್ತಿದ್ದರು. ಗರಿಕೆಯ ತುದಿಯಿಂದ ಒಂದೇ ಹನಿ ಎಳ್ಳೆಣ್ಣೆ ಅದರ ಮೇಲೆ ಬಿಡುತ್ತಿದ್ದರು. ಹನಿ ಬಿಚ್ಚಿಕೊಂಡು ಸರಸರನೆ ಹರಡಿದರೆ ರೋಗಿ ಬದುಕುತ್ತಾನೆ. ಹರಡದೆ ಮಣಿಯ ಹಾಗೆ ಕೂತರೆ ಕಷ್ಟ. ಇದು ಅವರ ಹಿರಿಯರಿಂದ ಬಂದ ವಿದ್ಯೆ. ಅವರು ಹೇಳಿದರೆಂದರೆ ಮುಗಿಯಿತು, ಜನ ಅದರಂತೆ ಒಂದೋ ಹಬ್ಬಕ್ಕೆ ಸಜ್ಜಾಗುತ್ತಿದ್ದರು, ಇಲ್ಲವೆ ಕಟ್ಟಿಗೆಗೆ ಹೇಳಿ ಕಳಿಸುತ್ತಿದ್ದರು.

ನನಗೆ ಆಗ ಹದಿನಾರು. ಬಳ್ಳಾರಿ ನನ್ನ ತೌರು. ಅಪ್ಪ ಕಲೆಕ್ಟರ್ ಕಚೇರಿಯಲ್ಲಿ ಗುಮಾಸ್ತರು, ತಾಯಿಯಿಲ್ಲದ ಮಗಳಿಗೆ ಬೇಸರ ಕಳೆಯಲೆಂದು ಓದುಬರಹ ಕಲಿಸಿದ್ದರು. ಸಿರುಗುಪ್ಪದ ಶಾನುಭೋಗರ ಮನೆಗೆ ಕೊಟ್ಟರು. ಅಕ್ಷರ ಬಲ್ಲ ಸೊಸೆಯೆಂದು ಅತ್ತೆ ಮೊದಲೇ ಮೂಗು ಮುರಿದಿದ್ದರು. ಬಂದ ಎರಡನೆಯ ವರ್ಷವೇ ನಾನು ಜ್ವರ ಹಿಡಿದು ಮಲಗಿದೆ. ಬಿಡುವ ಜ್ವರವಲ್ಲ. ತಿಂಗಳು ಕಳೆಯಿತು, ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಉಳಿಯಲಿಲ್ಲ. ಆಗ ಮಾವ ಕುರುಗೋಡಿಗೆ ಬಂಡಿ ಕಳಿಸಿದರು.

ನಮ್ಮದು ಮಡಿಯ ಮನೆ. ಅಯ್ಯನವರು ಹೊರಗಿನ ಕಟ್ಟೆಯ ಮೇಲೆಯೇ ಕೂರಬೇಕು, ಕೂತರು. ಅವರ ಜೋಳಿಗೆಯಲ್ಲಿ ಈ ಕೆಲಸಕ್ಕೆಂದೇ ಇಟ್ಟುಕೊಂಡ ಕಂಚಿನ ಬಟ್ಟಲಿತ್ತು. ಅದನ್ನು ತೆಗೆಯಲು ಕೈ ಹಾಕಿದರು. ಮಾವ ಬಾಗಿಲಲ್ಲಿ ನಿಂತೇ, "ನಿಮ್ಮದು ಬ್ಯಾಡ್ರಿ ಅಯ್ಯನವರೆ, ಒಳಗ ಒಯ್ಯಲಿಕ್ಕೆ ಬರೋದಿಲ್ಲ. ನಮ್ಮದೇ ಪಾತ್ರಿ ಕೊಡ್ತಾರ" ಎಂದರು. ಅಯ್ಯನವರ ಕೈ ಜೋಳಿಗೆಯೊಳಗೇ ಒಂದು ಕ್ಷಣ ನಿಂತು, ಬರಿದಾಗಿ ಹೊರಗೆ ಬಂತು. ಕಿಟಕಿಯಿಂದ ನಾನು ಅದನ್ನು ನೋಡಿದೆ. ಆಗ ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಕೊಡುವುದೇನೋ ಸರಿ, ಯಾವ ಪಾತ್ರೆ ಕೊಡಬೇಕು? ಇಂಥ ಕೆಲಸಕ್ಕೆ ಬಳಸಿದ್ದನ್ನು ಮತ್ತೆ ಅಡಿಗೆಮನೆಗೆ ತರುವಂತಿಲ್ಲ. ಅತ್ತೆ ಯೋಚನೆ ಮಾಡಿ ಅಂಟುವಾಳಕಾಯಿ ನೆನೆಸುವ ಬೋಗುಣಿಯನ್ನು ಆರಿಸಿದರು. ರೇಷ್ಮೆಯ ಮಡಿ, ಮೂಗುಬೊಟ್ಟು, ಸರ, ಎಲ್ಲವನ್ನೂ ಆ ನೊರೆಯಲ್ಲಿ ತೊಳೆಯುತ್ತಿದ್ದರು. "ಬಂಗಾರ ತೊಳೆಯೋ ಬೋಗುಣಿ ಇದು, ಇದಕಿಂತ ಸ್ವಚ್ಛ ಊರಾಗೆ ಯಾವುದದ?" ಎಂದು ಎರಡು ಚೆಂಬು ನೀರು ಹೊಯ್ದು ಚೆಲ್ಲಿ ನನ್ನ ಕೋಣೆಗೆ ತಂದಿಟ್ಟರು. ಅದನ್ನು ಕೈಯಲ್ಲಿ ಹಿಡಿದು ನಾನು ಪಟ್ಟ ನಾಚಿಕೆಯನ್ನು ಯಾವ ಹೆಣ್ಣಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇಡೀ ಮನೆ ಬಾಗಿಲ ಹೊರಗೆ ಕಾಯುತ್ತಿತ್ತು. ಮಾವ ಆ ಕಡೆ ಮುಖ ತಿರುಗಿಸಿ ಕೆಮ್ಮುತ್ತಿದ್ದರು.

ಅಯ್ಯನವರು ಹನಿ ಬಿಟ್ಟರು. ಬಹಳ ಹೊತ್ತು ಬಾಗಿ ನೋಡಿದರು. ಇನ್ನೊಂದು ಮಗ್ಗುಲಿಗೆ ಬಂದು ನೋಡಿದರು. ಹನಿ ಬಿಚ್ಚಲಿಲ್ಲ. ಗುಂಡಗೆ, ಹಳದಿಯಾಗಿ, ಬಿಟ್ಟಲ್ಲೇ ಕೂತಿತ್ತು. ಅವರು ಮಾವನನ್ನು ಕಟ್ಟೆಯ ತುದಿಗೆ ಕರೆದು ದನಿ ಇಳಿಸಿ, "ಒಂದು ಪಕ್ಷ, ಹದಿನೈದು ದಿನ ಅನ್ರಿ. ಮದ್ದು ಕೊಟ್ಟು ಹುಡುಗಿನ್ನ ಕಾಡೂದು ಬ್ಯಾಡ" ಎಂದರು. ಜ್ವರದ ಕಿವಿ ಬಹಳ ಚುರುಕು. ಪೂರಾ ಕೇಳಿಸಿತು.

ಅವತ್ತಿನಿಂದ ಮನೆಯವರೆಲ್ಲ ನನ್ನ ಮೇಲೆ ಬಹಳ ಪ್ರೀತಿ ತೋರಿಸಲು ಶುರು ಮಾಡಿದರು. ನನ್ನನ್ನು ಹಿತ್ತಿಲ ಕಡೆಯ ಕೋಣೆಗೆ ಸಾಗಿಸಿದರು, ಕುಳ್ಳು ಮತ್ತು ಅಂಟುವಾಳದ ಚೀಲಗಳ ಪಕ್ಕಕ್ಕೆ. ತಲೆದೆಸೆಗೆ ತುಳಸಿ, ಹೊಳೆಯ ನೀರು. ಅತ್ತೆ ದಿನಾ ಎರಡು ಹೊತ್ತು ಗಂಜಿ ಕುಡಿಸಿ ಸೆರಗಿನಿಂದ ನನ್ನ ಬಾಯಿ ಒರೆಸುತ್ತಿದ್ದರು, ಅಳುತ್ತಿದ್ದರು. ಸುಳ್ಳು ಅಳುವಲ್ಲ, ಆ ಮಾತು ಹೇಳಲೇಬೇಕು. ಅಪ್ಪ ಬಳ್ಳಾರಿಯಿಂದ ಬಂದು ತಲೆ ಸವರಿ ಅತ್ತು, ರಜೆ ಮುಗಿಯಿತೆಂದು ಹೊರಟುಹೋದರು, ದಾರಿಯಲ್ಲಿ ಕುರುಗೋಡಿಗೆ ಹೋಗಿ ಅಯ್ಯನವರನ್ನೂ ಕಂಡರಂತೆ. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ಉಗುರು ನೋಡಿಕೊಳ್ಳುತ್ತಿದ್ದರು. ಅವರಿಗೂ ಆಗ ಇಪ್ಪತ್ತೊಂದು, ಪಾಪ, ಏನು ಮಾಡಿಯಾರು?

ಪಕ್ಷ ಮುಗಿಯಿತು. ನಾನು ಮುಗಿಯಲಿಲ್ಲ.

ಮಾರನೆಯ ಬೆಳಿಗ್ಗೆ ಅತ್ತೆ ಬಾಗಿಲು ತೆಗೆದು, "ಅಯ್ಯ, ಇದ್ದೀಯೇನ?" ಎಂದರು. ಬೈಗುಳವಲ್ಲ, ಬಾಯಿ ತಪ್ಪಿ ಬಂದ ಮಾತು. "ಇದ್ದೀನ್ರಿ" ಎಂದೆ. ಹಾಗೆಂದು ಗೋಡೆಯ ಕಡೆ ಮುಖ ಮಾಡಿದೆ. ಊಟಕ್ಕೆ ಬಂದವರು ಕೈ ತೊಳೆದ ಮೇಲೂ ಎದ್ದು ಹೋಗದಿದ್ದರೆ ಹೇಗೋ, ಹಾಗಾಗಿತ್ತು ನನ್ನ ಪಾಡು. ನೆರೆಯವರು ಹಿತ್ತಿಲಲ್ಲಿ ಅತ್ತೆಯನ್ನು "ಇನ್ನೂ ಅದಾಳೇನ್ರೀ?" ಎಂದು ಕೇಳುವುದು, ಅತ್ತೆ ಮಾತು ಮರೆಸುವುದು, ಎಲ್ಲ ಕೇಳಿಸುತ್ತಿತ್ತು. ಜ್ವರ ತಾನಾಗಿ ಇಳಿಯುತ್ತ ಬಂತು. ಹಸಿವಾಗತೊಡಗಿತು. ಸಾಯಬೇಕಾದವಳು ಇನ್ನಷ್ಟು ಗಂಜಿ ಕೇಳುವುದು ಹೇಗೆ? ಕೇಳಲಿಲ್ಲ. ಬದುಕಿ ಉಳಿದದ್ದಕ್ಕೆ ಅಷ್ಟು ನಾಚಿಕೆಪಟ್ಟವಳು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು.

ಅಷ್ಟರಲ್ಲಿ ನಮ್ಮ ಯಜಮಾನರಿಗೆ ತೆಕ್ಕಲಕೋಟೆಯಿಂದ ಹೆಣ್ಣಿನ ಮಾತು ಬಂದಿತ್ತು. ಪಕ್ಷದೊಳಗೇ ಬಂದದ್ದು, ಆತುರ ಯಾರದೆಂದು ನಾನು ಕೇಳಲಿಲ್ಲ. ಹೆಣ್ಣಿನ ತಂದೆಗೆ, ಮೊದಲನೆಯವಳು ಹೋದಂತೆಯೇ ಲೆಕ್ಕ ಎಂದು ಹೇಳಿದ್ದರಂತೆ. ತಾಂಬೂಲ ಬದಲಾಯಿಸಲು ಅವರು ನಮ್ಮ ಮನೆಗೆ ಬರುವ ದಿನ ಗೊತ್ತಾಯಿತು. ಅವತ್ತು ಹೂರಣದ ವಾಸನೆ ನನ್ನ ಕೋಣೆಯವರೆಗೆ ಬಂತು. ಬಾಯಲ್ಲಿ ನೀರೂರಿತು, ಕಣ್ಣಲ್ಲೂ ಊರಿತು.

ಆ ಹೊತ್ತಿಗೆ ಅಂಗಳದಲ್ಲಿ ಬಂಡಿ ನಿಂತ ಸದ್ದಾಯಿತು. ಅಯ್ಯನವರು ಬಂದಿದ್ದರು, ಯಾರೂ ಕರೆಯದೆ.

ಅವರು ಯಾಕೆ ಬಂದರೆಂಬುದನ್ನು ಅವರ ಹೆಂಡತಿ ಮುಂದೊಂದು ದಿನ ನನಗೆ ಹೇಳಿದರು. ಪಕ್ಷ ಕಳೆದರೂ ನನ್ನ ಸಾವಿನ ಸುದ್ದಿ ಬಾರದೆ ಇದ್ದದ್ದು ಅಯ್ಯನವರ ಊಟ ನಿದ್ದೆ ಕೆಡಿಸಿತ್ತಂತೆ. ಒಂದು ದಿನ ಆ ತಾಯಿ ಅಂಟುವಾಳದ ನೀರಿನಲ್ಲಿ ಲಿಂಗದ ಕರಡಿಗೆ ತೊಳೆದು, ಪಾತ್ರೆಯನ್ನು ಜಾಲಾಡಿಸಿ, ಅದರಲ್ಲೇ ಪೂಜೆಗೆ ನೀರು ತುಂಬಿಟ್ಟರು. ಆರತಿಯ ಕರ್ಪೂರದ ಚೂರು ಕೈ ಜಾರಿ ಆ ನೀರಿಗೆ ಬಿತ್ತು. ಕರ್ಪೂರ ನೀರಿಗೆ ಬಿದ್ದರೆ ಗಿರಗಿರನೆ ಸುತ್ತುತ್ತದೆ, ದೋಣಿಯ ಹಾಗೆ ಅತ್ತಿತ್ತ ಓಡುತ್ತದೆ. ಎಲ್ಲ ಮಕ್ಕಳೂ ನೋಡಿ ನಕ್ಕಿರುವ ಆಟ ಅದು. ಅವತ್ತು ಅದು ಓಡಲಿಲ್ಲ. ಸತ್ತ ಹಾಗೆ ನಿಂತಿತು. ಅಯ್ಯನವರು ಪೂಜೆ ಅರ್ಧಕ್ಕೆ ಬಿಟ್ಟು, ಅದೇ ನೀರಿಗೆ ಒಂದು ಹನಿ ಎಣ್ಣೆ ಬಿಟ್ಟು ನೋಡಿದರು. ಹರಡಲಿಲ್ಲ. ಬರಿಯ ಬಾವಿಯ ನೀರು, ಯಾವ ರೋಗವೂ ಇಲ್ಲದ ನೀರು. ಹಾಗೇ ಕೂತು, "ಅವರು ಕೊಟ್ಟ ಬೋಗುಣಿ ಎಂಥದಿತ್ತು? ಎಂಥದಿತ್ತು?" ಎಂದು ಹಣೆ ಬಡಿದುಕೊಂಡರಂತೆ. ಹನಿ ಬಿಟ್ಟ ದಿನ ನಮ್ಮ ಬೋಗುಣಿಯ ಅಂಚಿಗೆ ಒಣಗಿದ ಕಂದು ನೊರೆ ಅಂಟಿದ್ದನ್ನು ಕಂಡಿದ್ದರು. ಕಂಡೂ ಕೇಳಿರಲಿಲ್ಲ.

ನಮ್ಮ ಕಟ್ಟೆಯ ಮೇಲೆ ಅವರು ಈ ಸಲ ಕೂರಲಿಲ್ಲ. ಅಂಗಳದ ನಡುವೆ ನಿಂತು, ತಟ್ಟೆ ಹಿಡಿದು ಕೂತಿದ್ದ ಬೀಗರ ಎದುರಿಗೇ, "ಶಾನುಭೋಗರ, ನಾ ತಪ್ಪಿದೆ. ನಿಮ್ಮ ಸೊಸಿ ಸಾಯಂಗಿಲ್ಲ. ನಾ ಹೇಳಿದ್ದು ಸುಳ್ಳು" ಎಂದರು.

ಮಾವನ ಮುಖ ಕಪ್ಪಿಟ್ಟಿತು. "ಏನ್ ಮಾತಾಡ್ತೀರಿ? ನಿಮ್ಮ ಮಾತಿನ ಮ್ಯಾಲೆ ನಾವು ಇಷ್ಟು ದೂರ ಬಂದೀವಿ. ಈಗ ಸುಳ್ಳು ಅಂದ್ರ? ನಿಮ್ಮ ಹೆಸರಿನ ಗತಿ ಏನಾಗಬೇಕು, ಅದನಾದ್ರೂ ನೋಡ್ಕೋರಿ."

"ಹೆಸರು ಬೆಂಕ್ಯಾಗ ಬೀಳಲಿ. ಒಂದು ಪರಾತ ಕೊಡಸ್ರಿ. ಬೂದಿ, ಹುಣಸಿಹಣ್ಣು, ಒಂದಿಷ್ಟು ಕರ್ಪೂರ. ಆಮ್ಯಾಲ ಆ ಬೋಗುಣಿ ಐತಲ್ಲ, ಅದನ್ನೂ ತರಸ್ರಿ."

ಹೆಣ್ಣಿನ ತಂದೆ ಗಡಿಸೀಮೆಯವರು, ತೆಲುಗು ಬೆರೆಸಿಯೇ ಮಾತು. "ಇದೇಮಿ ವಿಡ್ಡೂರಮಂಡೀ!" ಎಂದು ಬೆರಗಾಗಿ ತಟ್ಟೆ ಕೆಳಗಿಟ್ಟರು. ನೋಡುವ ಚಪಲ ಅವರಿಗೆ. ಅತಿಥಿ ನೋಡುತ್ತೇನೆಂದ ಮೇಲೆ ಮಾವ ಬೇಡವೆನ್ನುವುದು ಹೇಗೆ?

ನಾನು ಗೋಡೆ ಹಿಡಿದು ನಡುಮನೆಯ ಬಾಗಿಲವರೆಗೆ ಬಂದಿದ್ದೆ, ಬಾಗಿಲ ಸಂದಿಯಿಂದ ಎಲ್ಲ ನೋಡಿದೆ. ಅಯ್ಯನವರು ಆ ಅಗಲ ತಟ್ಟೆಯನ್ನು, ಪರಾತವನ್ನು, ತಾವೇ ತಿಕ್ಕಿದರು. ಅಂಚಿನವರೆಗೆ ನೀರು ತುಂಬಿ ಕರ್ಪೂರದ ಚೂರು ಉದುರಿಸಿದರು. ಚೂರುಗಳು ಕುಣಿದವು ನೋಡಿ, ಅಂಗಳದಲ್ಲಿ ಎಲ್ಲರ ಕಣ್ಣೂ ಅವುಗಳ ಹಿಂದೆ ಓಡಿತು. ಆಮೇಲೆ ಅಂಟುವಾಳದ ಬೋಗುಣಿಯಲ್ಲಿ ಒಂದಿಷ್ಟು ನೀರು ಅಲ್ಲಾಡಿಸಿ, ಅದರಲ್ಲಿ ಗರಿಕೆ ಅದ್ದಿ, ಆ ಗರಿಕೆಯ ತುದಿಯನ್ನು ಪರಾತದ ನೀರಿಗೆ ಮುಟ್ಟಿಸಿದರು. ಬರೀ ಮುಟ್ಟಿಸಿದ್ದು. ಕರ್ಪೂರ ಒಮ್ಮೆಲೇ ನಿಂತುಬಿಟ್ಟಿತು. ಎಣ್ಣೆಯ ಹನಿ ಬಿಟ್ಟರು. ನನ್ನ ಹನಿ ಹೇಗೆ ಕೂತಿತ್ತೋ ಹಾಗೇ ಕೂತಿತು.

"ಈ ಪರಾತಕ್ಕೂ ಒಂದು ಪಕ್ಷ ಅನ್ಲೇನ್ರಿ?" ಎಂದರು ಅಯ್ಯನವರು. ದನಿ ಒಡೆದಿತ್ತು.

ಅತ್ತೆ ಬಾಗಿಲ ಹಿಂದಿನಿಂದ, "ಅಂಟುವಾಳ ಅಂದ್ರ ಸ್ವಚ್ಛ ಮಾಡೋ ವಸ್ತು. ಅದರಿಂದ ಮೈಲಿಗಿ ಹ್ಯಾಂಗ ಆಗ್ತದ?" ಎಂದರು. ಅವರ ಮಡಿಯ ಬುಡಕ್ಕೇ ಕೊಡಲಿ ಬಿದ್ದಿತ್ತು.

"ತಾಯಿ, ಅಂಟುವಾಳಕ್ಕ ಎರಡು ಮುಖ ಇರಬೇಕು ಅಂತ ನನ್ನ ಎಣಿಕಿ. ಒಂದು ಮುಖ ನೀರಿಗೆ, ಒಂದು ಮುಖ ಜಿಡ್ಡಿಗೆ. ಮನಿಗೆ ಬಂದ ಸೊಸಿ ಇದ್ದಂಗ. ಒಂದು ಕಣ್ಣು ತೌರಿನ ಕಡೆ, ಒಂದು ಕಣ್ಣು ಗಂಡನ ಮನಿ ಕಡೆ. ಅದಕ್ಕ ಪೂರಾ ಒಳಗೂ ಹೋಗಂಗಿಲ್ಲ, ಬಿಟ್ಟು ಹೊರಗೂ ಹೋಗಂಗಿಲ್ಲ, ಹೊಸ್ತಿಲ ಮ್ಯಾಲ ನಿಂದರ್ತೈತಿ. ನೀರಿನ ಹೊಸ್ತಿಲು ಅಂದ್ರ ಈ ಮ್ಯಾಗಿನ ಪದರ. ಯಾರೂ ನಿಲ್ಲಸಬೇಕಾಗಿಲ್ಲ, ತಾವೇ ಹೆಗಲಿಗೆ ಹೆಗಲು ಹಚ್ಚಿ ನಿಂತಕೊಂಡಾವು. ಹಂಗ ತುಂಬಿದ ಮ್ಯಾಲ ಎಣ್ಣಿಗೆ ಕಾಲಿಡಾಕ ಜಾಗ ಎಲ್ಲಿರ್ತೈತಿ?"

ಅದನ್ನು ಚೆಲ್ಲಿ, ಮತ್ತೆ ತಿಕ್ಕಿ, ಮತ್ತೆ ನೀರು ತುಂಬಿದರು. ಕರ್ಪೂರ ಮತ್ತೆ ಕುಣಿಯಿತು. ಈ ಸಲ ಎಣ್ಣೆಯ ಹನಿ ನೀರು ಮುಟ್ಟಿದ್ದೇ ತಡ, ಮಾಯ. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಹರಡಿಹೋಯಿತು, ಕರ್ಪೂರ ನಿಂತಿತು. ಹೆಣ್ಣಿನ ತಂದೆ ಸಣ್ಣ ಹುಡುಗನಂತೆ ಮುಂದಕ್ಕೆ ಬಾಗಿ, "ಇನ್ನೊಂದು ಹನಿ ಹಾಕ್ರಿ ನೋಡೋಣ" ಎಂದರು. ಹಾಕಿದರು. ಎರಡನೆಯದು ಹರಡಲಿಲ್ಲ. ಗುಂಡಗೆ ಕೂತಿತು.

"ಇದ್ಯಾಕ್ರೀ? ಮೊದಲನೇದು ಹರಡಿತಲ್ಲ?"

"ಅದು ಇಡೀ ನೀರು ತುಂಬೇತ್ರಿ. ಇದಕ್ಕ ಜಾಗ ಇಲ್ಲ."

"ಏನೂ ಕಾಣವಲ್ದಲ್ಲ?"

"ಕಾಣಂಗಿಲ್ರಿ. ಆದ್ರ ಐತಿ."

ಅಯ್ಯನವರು ಬೇಕೆಂದೇ ಆ ಮಾತು ಆಡಿದರೋ, ನೀರಿನ ಗುಣ ಹೇಳಿದರೋ, ನನಗೆ ಇವತ್ತಿಗೂ ತಿಳಿಯದು. ಹೆಣ್ಣಿನ ತಂದೆ ಆ ಹನಿಯನ್ನು ನೋಡುತ್ತ ನೋಡುತ್ತ, ತಲೆ ಎತ್ತಿ, "ಆ ಹುಡುಗಿ ಎಲ್ಲದಾಳ?" ಎಂದು ಕೇಳಿದರು.

ಅತ್ತೆ ಬಾಗಿಲು ಪೂರಾ ತೆಗೆದರು. ನಾನು ಅಲ್ಲೇ ನಿಂತಿದ್ದೆ. ಬಾಚದ ತಲೆ, ಕೊಳೆ ಸೀರೆ, ಕಡ್ಡಿಯಂಥ ಕೈ. ಹಬ್ಬದ ಮನೆಯಲ್ಲಿ ಎಲ್ಲರೂ ಜರಿ ಉಟ್ಟು ಕೂತಿರುವಾಗ ಸಾಯದೆ ಉಳಿದ ಹೆಣ್ಣು ಎದುರಿಗೆ ನಿಂತರೆ ಹೇಗಿರುತ್ತದೆ? ನೆಲ ಬಾಯಿ ಬಿಡಬಾರದೇ ಅನಿಸಿತು. ಆ ಮನುಷ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿ, ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡರು. "ನನ್ನ ಮಗಳಿಗೆ ಈ ಮನ್ಯಾಗ ಜಾಗ ಇಲ್ಲ ಬಿಡ್ರಿ ಶಾನುಭೋಗರ" ಎಂದರು. ಊಟಕ್ಕೂ ನಿಲ್ಲಲಿಲ್ಲ. ಅವರ ಮಗಳು ಯಾರೋ ಏನೋ, ನಾನು ನೋಡಲಿಲ್ಲ. ಎಲ್ಲಿದ್ದರೂ ಒಳ್ಳೆಯದಾಗಿರಲಿ.

ಆ ದಿನವೇ ಅಯ್ಯನವರು ಮದ್ದು ಕೊಟ್ಟರು. ಕೊಡುವಾಗ ನನ್ನ ಕಾಲು ನೋಡಿದರು. "ತಂಗಿ, ನನ್ನ ಬಟ್ಟಲ ಜೋಳಿಗ್ಯಾಗ ಇತ್ತು. ಬ್ಯಾಡ ಅಂದ ಮ್ಯಾಲ ನಿಮ್ಮ ಬೋಗುಣಿ ಎಂಥದು ಅಂತ ಬಾಯಿ ಬಿಟ್ಟು ಕೇಳಿದ್ರ ಇನ್ನೊಮ್ಮಿ ಅವಮಾನ ಮಾಡಿಸಿಕೊಂಡಂಗ ಆಕ್ಕತಿ ಅಂತ ಸುಮ್ಮನಾದೆ. ನನ್ನ ಮಾನ ಉಳೀಲಿ ಅಂತ ನಿನ್ನ ಜೀವ ಅಡಾ ಇಟ್ಟೆ." ನಾನು ಮದ್ದಿನ ಪೊಟ್ಟಣವನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಅಡಿಗೆಮನೆಯಲ್ಲಿ ಯಾರೂ ತಿನ್ನದೆ ಉಳಿದಿದ್ದ ಹೋಳಿಗೆಯನ್ನು ಅತ್ತೆ ಆ ರಾತ್ರಿ ನನಗೆ ತಂದುಕೊಟ್ಟರು, ಪಥ್ಯವನ್ನೂ ಲೆಕ್ಕಿಸದೆ. ನಾನು ತಿಂದೆ. ಅವರು ಅಂಟುವಾಳದ ಚೀಲವನ್ನು ಎತ್ತಿ ಬೇರೆ ಕಡೆ ಇಟ್ಟರು.

ತಪ್ಪೊಪ್ಪಿಕೊಂಡವರನ್ನು ಜನ ಹೊಗಳುತ್ತಾರೆಂದು ನಾನು ತಿಳಿದಿದ್ದೆ. ಎಲ್ಲಿಯ ಹೊಗಳಿಕೆ! "ಅವರ ಬಾಯಲ್ಲೇ ಬಂತಲ್ಲ ಸುಳ್ಳು ಅಂತ" ಎಂದು ಊರೂರು ಆಡಿಕೊಂಡವು. ಬಂಡಿಗಳು ಕುರುಗೋಡಿನ ದಾರಿ ಬಿಟ್ಟು ಬಳ್ಳಾರಿಯ ಸರ್ಕಾರಿ ದವಾಖಾನೆಯ ದಾರಿ ಹಿಡಿದವು. ಉಳಿದ ರೋಗಿಗಳ ಮನೆಯಲ್ಲೂ ಅಯ್ಯನವರು ಮೊದಲು ತಮ್ಮ ಬಟ್ಟಲು ತಾವೇ ತಿಕ್ಕಿ, ನೀರು ತುಂಬಿ, ಕರ್ಪೂರ ಬಿಟ್ಟು ನೋಡುತ್ತಿದ್ದರು. ಕುಣಿದರೆ ನೀರು ಚೆಲ್ಲಿ ಮುಂದಿನ ಕೆಲಸ. ಕುಣಿಯದಿದ್ದರೆ ಮತ್ತೆ ತಿಕ್ಕುವುದು. ಹುಡುಗರು 'ಕರ್ಪೂರದಯ್ಯ' ಎಂದು ಹಿಂದೆ ಬಿದ್ದು ಕೂಗುತ್ತಿದ್ದರು. ಬಟ್ಟಲನ್ನು ಬೇಡವೆಂದ ಮನೆಯಿಂದ ಹಾಗೇ ಎದ್ದು ಬರುತ್ತಿದ್ದರು.

ನನ್ನ ಮೊದಲ ಮಗನಿಗೆ ಕೆಮ್ಮು ಹಿಡಿದಾಗ, ಬೇರೆಲ್ಲೂ ಬೇಡವೆಂದು ಹಟ ಹಿಡಿದು ನಾನು ಕುರುಗೋಡಿಗೇ ಹೋದೆ. ಅಯ್ಯನವರ ಮನೆ ನೋಡಬೇಕಿತ್ತು. ಪಡಸಾಲೆಯ ತುಂಬ ನೀರು ತುಂಬಿದ ತಟ್ಟೆಗಳು. ಅವರ ಹೆಂಡತಿ ನನ್ನ ಮುಂದೆ ಗೋಳು ತೋಡಿಕೊಂಡರು. "ನೋಡವ್ವಾ, ಈ ಮನ್ಯಾಗ ಹೆಣಮಕ್ಕಳು ತಲಿಗೆ ಎಣ್ಣಿ ಹಚ್ಕೊಳ್ಳೂದು ಬ್ಯಾಡಂತ! ಬೆರಳು ತಾಗಿದ್ರ ತಟ್ಟಿ ಕೆಡತೈತಂತ! ನನ್ನ ತಲಿ ನೋಡು, ಕಸಬರಗಿ ಆಗೇತಿ." ಅಯ್ಯನವರು ಕೇಳಿಸದವರಂತೆ ತಾಳೆಗರಿಯ ಒಂದು ಪಟ್ಟಿಯನ್ನು ತಟ್ಟೆಯ ಅಂಚಿನಿಂದ ಅಂಚಿಗೆ ಅಡ್ಡ ಹಿಡಿದು, ನೀರಿನ ಮೈ ಸವರಿಕೊಂಡು ಮೆಲ್ಲಗೆ ಸರಿಸುತ್ತಿದ್ದರು. ಪಟ್ಟಿಯ ಹಿಂದೆ ಸತ್ತಂತಿದ್ದ ಕರ್ಪೂರ ಎಚ್ಚೆತ್ತು ಓಡತೊಡಗಿತು. ಮುಂದಿನದು ಅಲ್ಲಾಡಲಿಲ್ಲ. "ಜಿಡ್ಡೆಲ್ಲ ಮುಂದಕ್ಕ ಒತ್ತಿಕೊಂಡು ನಿಂತೈತಿ, ಹಿಂದ ಜಾಗ ಖುಲ್ಲಾ ಆತು" ಎಂದು ನನ್ನ ಕಾಲುಗಳಿಗೆ ವಿವರಿಸಿದರು.

ಅವತ್ತು ಸಂಜೆ ಮಗುವನ್ನು ಎತ್ತಿಕೊಂಡು ನಮ್ಮನ್ನು ಗುಡ್ಡದ ಮೇಲಿನ ದೊಣೆಗೆ ಕರೆದೊಯ್ದರು. ಬಂಡೆಯ ನಡುವೆ ನಿಂತ ಮಳೆನೀರು, ಗಾಳಿಗೆ ಮೈಯೆಲ್ಲ ನವಿರಾದ ಅಲೆ. ಜೋಳಿಗೆಯಿಂದ ಎಣ್ಣೆ ತೆಗೆದು ಗಾಳಿ ಬರುವ ಕಡೆಯಿಂದ ಒಂದು ಹನಿ ಬಿಟ್ಟರು. ಅಲೆ ಅಲ್ಲಿಂದ ಅಳಿಸುತ್ತ ಹೋಯಿತು. ನೋಡನೋಡುತ್ತ ಒಂದು ಒಕ್ಕುವ ಕಣದಷ್ಟು ಅಗಲ ನೀರು ನುಣ್ಣಗಾಯಿತು. ಮಗು ಚಪ್ಪಾಳೆ ತಟ್ಟಿತು.

"ಸಿಕ್ರ ಒಂದು ಹನಿಗೆ ಇಷ್ಟು ಜಾಗ ಬೇಕು ನೋಡವ್ವ" ಎಂದರು. "ನಿನಗ ನಾವು ಕೊಟ್ಟಿದ್ದು ಒಂದು ಬೋಗುಣಿ. ಅದೂ ತುಂಬಿದ್ದು."

"ಬಿಡ್ರಿ ಅಯ್ಯನವರೆ, ಎಷ್ಟು ಸಲ ಅದನ್ನೇ ಆಡ್ತೀರಿ? ನಾ ಬದುಕೀನಲ್ಲ? ಮಗ ಆಗ್ಯಾನಲ್ಲ?" ಎಂದು ರೇಗಿದೆ.

"ನೀ ಬದುಕೀದಿ. ನಿನಗಿಂತ ಮೊದಲ ಎಷ್ಟು ಮಂದಿಗೆ ಪಕ್ಷ ಹೇಳೀನಿ. ಅವರ ಮನ್ಯಾಗಿನ ಪಾತ್ರಿ ಯಾರು ತೊಳದಿದ್ರೋ. ಅವರು ಯಾರೂ ಬಂದು ಹೇಳಂಗಿಲ್ಲ."

ನಾನು ರೇಗಿದ್ದಕ್ಕೆ ನಾಚಿದೆ. ಅವರು ನನ್ನ ಮುಖ ಯಾಕೆ ನೋಡುವುದಿಲ್ಲವೆಂದು ಆ ಹೊತ್ತು ತಿಳಿಯಿತು. ನನ್ನ ಮುಖದಲ್ಲಿ ಅವರಿಗೆ ನಾನೊಬ್ಬಳೇ ಕಾಣುತ್ತಿರಲಿಲ್ಲ.

ಹೋದ ತಿಂಗಳು ಅಯ್ಯನವರು ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಯಜಮಾನರ ಜೊತೆ ಬಂಡಿ ಕಟ್ಟಿಸಿಕೊಂಡು ಹೋದೆ. ಹೊಟ್ಟೆ ಉಬ್ಬಿತ್ತು, ಕೈಕಾಲು ಕಡ್ಡಿಯಾಗಿತ್ತು. ಮರುದಿನ ಬೆಳಿಗ್ಗೆ ತಮಗೇ ಹನಿಯ ಪರೀಕ್ಷೆ ಮಾಡಬೇಕೆಂದು ಹಟ ಹಿಡಿದರು. ಹೆಂಡತಿ, "ನನ್ನ ಕೈ ನಡಗತಾವು, ನನ್ನಿಂದ ಆಗಂಗಿಲ್ಲ" ಎಂದು ಸೆರಗು ಬಾಯಿಗಿಟ್ಟುಕೊಂಡರು. ಅಯ್ಯನವರು ನನ್ನ ಕಾಲುಗಳನ್ನು ನೋಡಿ, "ನೀ ಮಾಡವ್ವ. ನಾ ನಿನಗ ಮಾಡಿದ್ದು ನೀ ನನಗ ಮಾಡು" ಎಂದರು.

ಅಂಗಳಕ್ಕೆ ಹೋಗಿ ಅವರ ಕಂಚಿನ ಬಟ್ಟಲು ಕೈಗೆ ತೆಗೆದುಕೊಂಡೆ. ನಮ್ಮ ಮನೆಯ ಮಡಿ ಆಗ ನೆನಪಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ನೆನಪಾಯಿತು. ನೆನಪಾಯಿತಲ್ಲ ಎಂದು ಹೇಸಿಕೆಯಾಯಿತು. ಬೂದಿ ಹಾಕಿ ತಿಕ್ಕಿದೆ, ಹುಣಸೆಹಣ್ಣು ಹಾಕಿ ತಿಕ್ಕಿದೆ, ನನ್ನ ಕೈಗಳನ್ನೂ ತಿಕ್ಕಿದೆ. ನೀರು ತುಂಬಿ ಕರ್ಪೂರ ಬಿಟ್ಟೆ. ಕುಣಿಯದಿರಲಿ ಎಂದು ಬೇಡಿಕೊಂಡೆ. ಬಟ್ಟಲು ಕೆಟ್ಟಿದ್ದರೆ ಮುಂದಿನ ಮಾತೇ ಇಲ್ಲವಲ್ಲ. ಅದು ಚೆನ್ನಾಗಿ ಕುಣಿಯಿತು, ಹಾಳಾದ್ದು.

ನೀರು ಚೆಲ್ಲಿ, ಮಾಡಬೇಕಾದ್ದು ಮಾಡಿ, ಹನಿ ಬಿಟ್ಟೆ. ಮಂಡಿಯೂರಿ ಕಾದೆ. ಬಿಸಿಲು ಬಟ್ಟಲ ಅಂಚಿನಿಂದ ನಡುವಿಗೆ ಬಂತು. ಹನಿ ಇಟ್ಟಲ್ಲೇ ಇತ್ತು.

ಒಳಗೆ ಬಂದೆ. ಸುಳ್ಳು ಹೇಳುವುದು ಬಹಳ ಸುಲಭವಿತ್ತು. ಕರ್ಪೂರ ಕುಣಿಯಲಿಲ್ಲ, ಬಟ್ಟಲು ಸರಿಯಿಲ್ಲ, ನಾಳೆ ನೋಡೋಣ ಎಂದರೆ ಸಾಕು. ಆದರೆ ಈ ಮನುಷ್ಯ ಒಂದು ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಂಡಿ ಕಟ್ಟಿಕೊಂಡು ಬಂದವರು. ಅವರಿಗೆ ಹೇಗೆ ಹೇಳಲಿ?

"ಕರ್ಪೂರ ಕುಣೀತೇನವ್ವ?"

"ಕುಣೀತ್ರಿ."

"ಬಟ್ಟಲ ಯಾರು ತೊಳದ್ರು?"

"ನಾನೇ ತೊಳದೀನಿ."

"ಹನಿ?"

"ಹರಡಲಿಲ್ಲರೀ ಅಯ್ಯನವರೆ."

ಮಂಚ ಕಿರುಗುಟ್ಟಿತು, ಅವರು ಮೊಣಕೈ ಊರಿ ಮೇಲೆದ್ದರೆಂದು ತಿಳಿಯಿತು. "ಹಂಗಾರ ನಂಬತೀನಿ" ಎಂದರು. ಆಮೇಲೆ, "ಮೂಗು ನಿಮ್ಮಪ್ಪನಂಗ ಐತಲ್ಲವ್ವ ನಿನಗ" ಎಂದರು. ಇಷ್ಟು ವರ್ಷಕ್ಕೆ ಅಯ್ಯನವರು ನನ್ನ ಮುಖ ನೋಡುತ್ತಿದ್ದರು, ಕಣ್ಣು ತುಂಬ ನೋಡುತ್ತಿದ್ದರು. ನನಗೆ ತಲೆ ಎತ್ತಲು ಆಗಲಿಲ್ಲ. ಕಂಬಳಿಯ ಹೊರಗೆ ಬಂದಿದ್ದ ಅವರ ಪಾದಗಳನ್ನು ನೋಡುತ್ತ ನಿಂತಿದ್ದೆ.